ಡಯಾನಾ ಡಾರ್ಸ್ ನಿಜಕ್ಕೂ 'ಬ್ರಿಟನ್ನಿನ ಮರ್ಲಿನ್ ಮನ್ರೋ' ಆಗಿದ್ದಳೇ? ಎಂ.ಎ. ಪ್ರಬಂಧಕ್ಕೆ ಇಬ್ಬರ ಯಾವ ಸಿನಿಮಾಗಳನ್ನು ಹೋಲಿಸಲಿ?

ಎಂ.ಎ.ಯಲ್ಲಿ ನಾನೂ ಇದೇ ವಿಷಯ ಹಿಡಿದಿದ್ದೆ, ಇದೇ ಹೋಲಿಕೆಯೊಂದಿಗೆ. ಹಾಗಾಗಿ ನೇರವಾಗಿ ಹೇಳುತ್ತೇನೆ: ಮನ್ರೋಳನ್ನು ಬಿಟ್ಟುಬಿಡಿ.

ನಾನು ಬ್ರಿಟಿಷ್ ನಟಿ ಡಾರ್ಸ್‌ಳ ಸಿನಿಮಾ ನೋಡುವ ಮೊದಲೇ ಅವಳ ಬಗ್ಗೆ ಬಂದ ಸುದ್ದಿಗಳನ್ನು ಓದಿದೆ. 1955ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ದೋಣಿ ಮೇಲೆ ತುಪ್ಪಳದ ಬಿಕಿನಿ ಹಾಕಿ ನಿಂತ ಫೋಟೋ. ದುಬಾರಿ ಮಿಂಕ್ ತುಪ್ಪಳ ಅಂತ ಪ್ರಚಾರ, ನಿಜದಲ್ಲಿ ಮೊಲದ ತುಪ್ಪಳ. ಅವಳ ವ್ಯವಹಾರವನ್ನೆಲ್ಲ ಗಂಡ ಡೆನಿಸ್ ಹ್ಯಾಮಿಲ್ಟನ್ ನೋಡಿಕೊಳ್ಳುತ್ತಿದ್ದ ಕಾಲ ಅದು. ಆಮೇಲೆ 1956ರ 'ಯೀಲ್ಡ್ ಟು ದ ನೈಟ್'. ಅದರಲ್ಲಿ ಅವಳದು ಕೊಲೆ ಮಾಡಿ ನೇಣಿಗೆ ಕಾಯುವ ಹೆಂಗಸಿನ ಪಾತ್ರ. ಇದು ರೂತ್ ಎಲ್ಲಿಸ್ ಕಥೆ ಅಂತ ಎಲ್ಲೋ ಓದಿದ್ದೆ, ಅದನ್ನೇ ನಂಬಿ ಒಂದು ಇಡೀ ಅಧ್ಯಾಯ ಬರೆದೆ.

ನಂಬುವುದು ಸುಲಭವಾಗಿತ್ತು. ಬ್ರಿಟನ್ನಿನಲ್ಲಿ ಗಲ್ಲಿಗೇರಿದ ಕೊನೆಯ ಹೆಂಗಸು ಎಲ್ಲಿಸ್. 1955ರ ಏಪ್ರಿಲ್‌ನಲ್ಲಿ ಪ್ರಿಯಕರನಿಗೆ ಗುಂಡು ಹೊಡೆದಳು, ಜುಲೈನಲ್ಲಿ ನೇಣು. ಡಾರ್ಸ್‌ಳಂತೆ ಅವಳದೂ ಹೊಂಬಣ್ಣದ ಕೂದಲು. ಸಾಲದ್ದಕ್ಕೆ 1951ರ ಒಂದು ಸಿನಿಮಾದಲ್ಲಿ ಇಬ್ಬರೂ ಇದ್ದರು, ಎಲ್ಲಿಸ್‌ಗೆ ತೀರಾ ಸಣ್ಣ ಪಾತ್ರ. ಆದರೆ 'ಯೀಲ್ಡ್ ಟು ದ ನೈಟ್'ಗೆ ಮೂಲವಾದ ಜೋನ್ ಹೆನ್ರಿಯ ಕಾದಂಬರಿ ಬಂದದ್ದು 1954ರಲ್ಲಿ, ಆ ಗುಂಡು ಹಾರುವ ಮೊದಲು! ಹೆನ್ರಿ ಸ್ವತಃ ಜೈಲು ಕಂಡವಳು. ನನ್ನ ಗೈಡ್ ಕೇಳಿದ್ದು ಒಂದೇ ಪ್ರಶ್ನೆ: ಕಾದಂಬರಿ ಯಾವ ವರ್ಷದ್ದು? ಅಧ್ಯಾಯ ಹಾಗೇ ವಾಪಸ್ ಬಂತು. ಪ್ರಬಂಧ ಸಲ್ಲಿಸುವ ಅವಧಿ ಮೀರಿತು, ಮುಂದಿನ ಓದಿಗೆ ಸಿಗಬೇಕಿದ್ದ ವಿದ್ಯಾರ್ಥಿವೇತನ ತಪ್ಪಿಹೋಯಿತು. ಕಾದಂಬರಿಯ ವರ್ಷ ತಪ್ಪಿದ್ದು ಸಣ್ಣ ವಿಷಯ, ದೊಡ್ಡ ತಪ್ಪು ಬೇರೆ. ಡಾರ್ಸ್ ಏನು ನಟಿಸಿದ್ದಾಳೆ ಅಂತ ನೋಡದೆ, ಅವಳು ಯಾರ ಹಾಗಿದ್ದಾಳೆ ಅಂತಲೇ ಹುಡುಕುತ್ತಿದ್ದೆ. ಮೊದಲು ಮನ್ರೋ, ಆಮೇಲೆ ಎಲ್ಲಿಸ್. ನಿಮ್ಮ ಪ್ರಶ್ನೆಯೂ ಅದೇ ದಾರಿಯಲ್ಲಿದೆ, ಅಲ್ವಾ?

ಆಮೇಲೆ ಸಿನಿಮಾ ನೋಡಿದೆ. ಮೊದಲ ಕೆಲವು ನಿಮಿಷ ಮಾತೇ ಜಾಸ್ತಿ ಇಲ್ಲ. ಲಂಡನ್ನಿನ ಬೀದಿ, ಹೀಲ್ಸ್ ಹಾಕಿದ ಕಾಲು, ಗುಂಡು. ಅಲ್ಲಿಂದ ಜೈಲಿನ ಕೋಣೆ. ರಾತ್ರಿಯೂ ದೀಪ ಆರಿಸುವುದಿಲ್ಲ, ಕಾವಲಿನ ಹೆಂಗಸರು ಒಂದು ಗಳಿಗೆಯೂ ಬಿಟ್ಟು ಹೋಗುವುದಿಲ್ಲ. ಡಾರ್ಸ್ ಮುಖಕ್ಕೆ ಮೇಕಪ್ಪಿಲ್ಲ. ಆ ಮುಖದಲ್ಲಿ ಭಯಕ್ಕಿಂತ ದಣಿವೇ ಜಾಸ್ತಿ. ಇಂಥ ಸಿನಿಮಾವನ್ನು ಅಮೆರಿಕದಲ್ಲಿ 'ಬ್ಲಾಂಡ್ ಸಿನ್ನರ್' (ಹೊಂಗೂದಲಿನ ಪಾಪಿ) ಅಂತ ಹೆಸರಿಟ್ಟು ಮಾರಿದರು. ನನಗೆ ಈಗಲೂ ಸಿಟ್ಟು ಬರುತ್ತದೆ.

ಕಾಲಕ್ರಮವೂ ನಿಮ್ಮ ಹೋಲಿಕೆಗೆ ಒಗ್ಗುವುದಿಲ್ಲ. ಮನ್ರೋ ದೊಡ್ಡ ತಾರೆಯಾದದ್ದು 1953ರಲ್ಲಿ. ಸ್ವಿಂಡನ್‌ನಲ್ಲಿ 1931ರಲ್ಲಿ ಹುಟ್ಟಿದ ಡಾರ್ಸ್ 1947ರಿಂದಲೇ ತೆರೆ ಮೇಲಿದ್ದಳು. 1984ರಲ್ಲಿ, 52ರ ವಯಸ್ಸಿಗೆ, ಕ್ಯಾನ್ಸರ್‌ನಿಂದ ತೀರಿಕೊಳ್ಳುವ ತನಕ ನಟಿಸುತ್ತಲೇ ಇದ್ದಳು. ಅವಳ 1962ರ ನಂತರದ ಪಾತ್ರಗಳನ್ನು ಯಾರ ಜೊತೆ ಹೋಲಿಸುತ್ತೀರಿ? ಮನ್ರೋ ಆ ವರ್ಷವೇ ತೀರಿಹೋಗಿದ್ದಳು.

ಹೋಲಿಕೆ ಬೇಕೇ ಬೇಕು ಅಂದರೆ ಡಾರ್ಸ್‌ಳನ್ನು ಡಾರ್ಸ್ ಜೊತೆಗೇ ಹೋಲಿಸಿ. 1954ರ 'ದ ವೀಕ್ ಅಂಡ್ ದ ವಿಕೆಡ್' ನೋಡಿ. ಅದೇ ನಿರ್ದೇಶಕ ಜೆ. ಲೀ ಥಾಂಪ್ಸನ್, ಅದೇ ಹೆನ್ರಿ, ಅಲ್ಲೂ ಜೈಲು. ಆಮೇಲೆ 'ಯೀಲ್ಡ್ ಟು ದ ನೈಟ್'. ಎರಡರ ನಡುವೆ ಅವಳ ನಟನೆಯಲ್ಲಿ ಏನು ಬದಲಾಯಿತು ಅಂತ ಬರೆಯಿರಿ. ಸುದ್ದಿ ತುಣುಕುಗಳನ್ನು ಕೊನೆಗೆ ಓದಿದರೆ ಸಾಕು.