ದಿನವೂ ಮಾಡುವ ಕೆಲಸವನ್ನೇ ಇನ್ನೂ ಚೆನ್ನಾಗಿ ಮಾಡುವುದು ಹೇಗೆ?

ಒಂದೇ ಕೆಲಸ ಹಿಡಿಯಿರಿ. ಅದರಲ್ಲಿ ಒಂದೇ ತಪ್ಪು ತಿದ್ದಿ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಸುಲಿಯಲು ಕೂತಾಗ ನಾನು ಎಣಿಸುತ್ತಿದ್ದುದು ಎಷ್ಟು ಡಬ್ಬ ತುಂಬಿತು ಅಂತ ಮಾತ್ರ. ಒಂದಿನ ಅತ್ತೆ ನನ್ನ ಡಬ್ಬ ಸುರಿದು, ಕತ್ತಿ ತಾಗಿ ಗಾಯವಾದ ಅಡಿಕೆ ಬೇರೆ ಮಾಡಿ ತೋರಿಸಿದರು. ಬೈಯಲಿಲ್ಲ. ಆಮೇಲೆ ದಿನಾ ಆ ಗಾಯದವನ್ನೇ ಎಣಿಸಿದೆ. ಸುಲಿಯುವ ಮೆಟ್ಟುಗತ್ತಿ ಮೇಲೆ ಅಡಿಕೆಯನ್ನು ಜಾಸ್ತಿ ಒತ್ತುತ್ತಿದ್ದೆ, ಅಷ್ಟೇ! ಹದಿನೈದು ದಿನದಲ್ಲಿ ಕೈ ಹದಕ್ಕೆ ಬಂತು.

ಶಿವಮೊಗ್ಗ ಮಾರುಕಟ್ಟೆಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆಗಳಾಗಿ ವಿಂಗಡಿಸಿಯೇ ದರ ಕಟ್ಟುತ್ತಾರಲ್ವಾ? ನೀವೂ ಸಂಜೆ ಹತ್ತು ನಿಮಿಷ ನಿಮ್ಮ ಕೆಲಸವನ್ನು ಹಾಗೆ ಹರಡಿ ನೋಡಿ. ಅಡುಗೆಯಾಗಲಿ, ಪಾಠವಾಗಲಿ, ಎಲ್ಲಿ ಕೆಟ್ಟಿತು ಅಂತ ಒಂದು ಸಾಲು ಬರೆದಿಡಿ. ನಾಳೆ ಅದನ್ನಷ್ಟೇ ಗಮನಿಸಿ.