ಎರಡನೆಯ ಹುಟ್ಟುಹಬ್ಬಕ್ಕೆ ಬಳಸಿದ ಆಟಿಕೆ ಕೊಡಬಹುದೇ?

ಪ್ರಶ್ನೆ: ನಾನು ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಮುಂದಿನ ತಿಂಗಳು ನನ್ನ ಅಣ್ಣನ ಮಗಳಿಗೆ ಎರಡು ವರ್ಷ ತುಂಬುತ್ತದೆ. ಸೋದರತ್ತೆಯಾಗಿ ಒಳ್ಳೆಯದೇನನ್ನಾದರೂ ಕೊಡಬೇಕೆಂಬ ಆಸೆಯಿದೆ, ಆದರೆ 500 ರೂಪಾಯಿಗಿಂತ ಹೆಚ್ಚು ತೆಗೆದಿಡಲು ಆಗುವುದಿಲ್ಲ. ಆ ದುಡ್ಡಿಗೆ ನಾನು ಅಂಗಡಿಗಳಲ್ಲಿ ನೋಡಿದ ಹೊಸ ಆಟಿಕೆಗಳು ವಾರ ಬಾಳುವಂತೆ ಕಾಣಲಿಲ್ಲ. ಯಾರಾದರೂ ಬಳಸಿಬಿಟ್ಟ ಗಟ್ಟಿಯಾದ ಆಟಿಕೆಯನ್ನು ಕೊಂಡರೆ ಹೇಗೆ ಎಂದು ಯೋಚಿಸುತ್ತಿದ್ದೇನೆ. ಎಲ್ಲಿ ಹುಡುಕಬೇಕು, ಏನನ್ನು ನೋಡಿ ಕೊಳ್ಳಬೇಕು? ಅದು ಹಳೆಯದೆಂದು ಅತ್ತಿಗೆಗೆ ಹೇಳಬೇಕೇ, ಸುಮ್ಮನಿರಬೇಕೇ?
— ಹೆಸರು ಬೇಡ, ನಿಟುವಳ್ಳಿ, ದಾವಣಗೆರೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದರೊಳಗಿರುವ ಸಂಕೋಚ ಕರಗದಿದ್ದರೆ ಉಳಿದ ಮಾತುಗಳಿಂದ ನಿಮಗೆ ಪ್ರಯೋಜನವಾಗದು. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಆಗತಾನೇ ಹುಟ್ಟಿದ ಕೂಸಿಗೆ ಮೊದಲು ತೊಡಿಸುವುದು ತೊಳೆದು ತೊಳೆದು ಮೆತ್ತಗಾದ ಹಳೆಯ ಬಟ್ಟೆಯನ್ನೇ. ತೊಟ್ಟಿಲು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ, ಅಕ್ಕನ ಮಗು ತೊಟ್ಟ ಕುಲಾವಿ ತಂಗಿಯ ಮಗುವಿಗೆ ಬರುತ್ತದೆ. ಕೌದಿಯಂತೂ ಉಟ್ಟು ಬಿಟ್ಟ ಸೀರೆ, ಪಂಚೆ, ಲಂಗಗಳ ತುಂಡುಗಳಿಂದಲೇ ಆಗುವ ವಸ್ತು. ಅಜ್ಜಿ ಹೊಲಿದುಕೊಟ್ಟ ಕೌದಿಯನ್ನು ಬಳಸಿದ ಬಟ್ಟೆ ಎಂದು ಯಾರಾದರೂ ಬದಿಗಿಟ್ಟದ್ದನ್ನು ನಾನು ಈವರೆಗೆ ಕಂಡಿಲ್ಲ. ಹೀಗಿರುವಾಗ ಆಟಿಕೆಗೆ ಮಾತ್ರ ಹೊಳೆಯುವ ಡಬ್ಬಿ ಇರಲೇಬೇಕೆಂಬ ನಿಯಮ ಈಚೆಗೆ ನಾವೇ ತಂದುಕೊಂಡದ್ದು.

ಆದ್ದರಿಂದ ಹೇಳಿಬಿಡಿ. ಆದರೆ ಹುಟ್ಟುಹಬ್ಬದ ದಿನ ನೆಂಟರ ನಡುವೆ ಹೇಳುವ ಅಗತ್ಯವಿಲ್ಲ. ಒಂದು ವಾರ ಮುಂಚೆ ಅತ್ತಿಗೆಗೆ ಫೋನ್ ಮಾಡಿ, ‘ಒಂದು ಒಳ್ಳೆಯ ಸಾಮಾನು ನೋಡಿದ್ದೇನೆ, ಬಳಸಿದ್ದು, ಚೆನ್ನಾಗಿ ತೊಳೆದು ತರುತ್ತೇನೆ, ನಿಮ್ಮ ಒಪ್ಪಿಗೆ ಇದೆಯೇ?’ ಎಂದು ಕೇಳಿ. ಇದು ಮರ್ಯಾದೆಯ ಮಾತಷ್ಟೇ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಹಳೆಯ ಆಟಿಕೆಯ ತಿರುಪು, ಹೊಲಿಗೆ, ಬಣ್ಣಗಳ ಮೇಲೆ ದಿನವೂ ಕಣ್ಣಿಡಬೇಕಾದವರು ಮಗುವಿನ ತಾಯಿ. ಅದು ಹಳೆಯದೆಂಬುದೇ ಅವರಿಗೆ ಗೊತ್ತಿಲ್ಲದಿದ್ದರೆ ಅವರು ಅದನ್ನು ಏಕೆ ನೋಡುತ್ತಾರೆ?

ಇನ್ನು ಏನು ಕೊಳ್ಳಬೇಕೆಂಬುದು. ಎರಡು ವರ್ಷದ ಮಗುವಿಗೆ ಬೇಕಾದ್ದು ಜೋಡಿಸುವುದು, ಕೆಡವುವುದು, ತುಂಬುವುದು, ಸುರಿಯುವುದು, ಎಳೆದುಕೊಂಡು ಓಡುವುದು, ದೊಡ್ಡವರು ಮಾಡುವ ಕೆಲಸವನ್ನು ತಾನೂ ಮಾಡುವುದು. ಗುಂಡಿ ಒತ್ತಿದರೆ ತಾನೇ ಹಾಡಿ ತಾನೇ ಕುಣಿಯುವ ಆಟಿಕೆಯಲ್ಲಿ ಮಗುವಿಗೆ ಮಾಡಲು ಕೆಲಸವೇ ಇರುವುದಿಲ್ಲ, ಜೊತೆಗೆ ಹಳೆಯದಾದಾಗ ಮೊದಲು ಕೆಡುವುದೂ ಅದೇ. ದೊಡ್ಡ ಮರದ ದಿಮ್ಮಿಗಳು, ಒಂದರೊಳಗೊಂದು ಕೂರುವ ಬಟ್ಟಲುಗಳು, ಕಡ್ಡಿಗೆ ಪೋಣಿಸುವ ದೊಡ್ಡ ಬಳೆಗಳು, ರಟ್ಟಿನ ಹಾಳೆಯ ಚಿತ್ರಪುಸ್ತಕಗಳು, ಇವು ಒಂದು ಮಗು ಆಡಿಬಿಟ್ಟ ಮೇಲೂ ಹೆಚ್ಚು ಸವೆಯುವುದಿಲ್ಲ. ಚನ್ನಪಟ್ಟಣದ ಬಣ್ಣದ ಗೊಂಬೆ, ಗಾಡಿಗಳು ಸಿಕ್ಕರೆ ಬಿಡಬೇಡಿ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಏರಿಸುವ ಆ ಕೆಲಸ ವರ್ಷಗಟ್ಟಲೆ ಬಾಳುತ್ತದೆ. ಮೇಲ್ಮೈ ಸ್ವಲ್ಪ ಮಂಕಾಗಿದ್ದರೆ ಒಣ ಬಟ್ಟೆಯಿಂದ ಉಜ್ಜಿದರೆ ಸಾಕು. ಮೂರು ಗಾಲಿಯ ಸೈಕಲ್ಲಿನ ಆಸೆ ನಿಮಗೆ ಬರಬಹುದು. ಮಕ್ಕಳು ಸಾಮಾನ್ಯವಾಗಿ ಪೆಡಲ್ ತುಳಿಯಲು ಕಲಿಯುವುದು ಮೂರು ವರ್ಷದ ಹೊತ್ತಿಗೆ. ಮುಂದಿನ ವರ್ಷ ಯೋಚಿಸಬಹುದು.

ನನಗೆ ಬಹಳ ಇಷ್ಟವಾದ ಒಂದು ಉಡುಗೊರೆಯಿದೆ, ಅದು ಆಟಿಕೆಗಳ ಅಂಗಡಿಯಲ್ಲಿ ಸಿಗುವುದಿಲ್ಲ. ಪಾತ್ರೆ ಅಂಗಡಿಗಳಲ್ಲಿ ಗಿರಾಕಿಗಳು ಹಾಕಿಹೋದ ಹಳೆಯ ಸ್ಟೀಲ್ ಪಾತ್ರೆಗಳಿದ್ದರೆ ತೂಕದ ಲೆಕ್ಕದಲ್ಲಿ ಕೇಳಿ ನೋಡಿ. ಸೇರು, ಅಚ್ಚೇರು, ಪಾವು, ಚಟಾಕುಗಳ ಒಂದು ಸಾಲನ್ನು ಆರಿಸಿ, ಅಂಚು ಕೈಗೆ ತಾಗದಷ್ಟು ನುಣುಪಾಗಿದೆಯೇ ಎಂದು ಬೆರಳಾಡಿಸಿ ನೋಡಿ, ತೊಳೆದು ಕೊಡಿ. ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ಒಂದು ಹಿಡಿ ಮಂಡಕ್ಕಿಯನ್ನೋ ಸ್ವಲ್ಪ ನೀರನ್ನೋ ಹಾಕಿಕೊಟ್ಟರೆ, ಪಾವಿನಿಂದ ಸೇರಿಗೆ, ಸೇರಿನಿಂದ ಪಾವಿಗೆ ಸುರಿಯುತ್ತಾ ಮಗು ಬಹಳ ಹೊತ್ತು ಆಡುತ್ತದೆ. ಯಾವುದು ದೊಡ್ಡದು, ಯಾವುದು ಚಿಕ್ಕದು, ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕ ಕೈಯಿಂದಲೇ ಮನಸ್ಸಿಗೆ ಹೋಗುತ್ತದೆ. ಶೇಂಗಾ, ಕಡಲೆಗಳನ್ನು ಮಾತ್ರ ಆಟಕ್ಕೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಹುಡುಕಲು ಹೊರಡುವ ಮುನ್ನ ನಮ್ಮ ಊರಿನ ರೀತಿಯನ್ನು ನೆನೆಯಿರಿ. ದಾವಣಗೆರೆ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳ ಊರು. ಸ್ನಾತಕೋತ್ತರ ವೈದ್ಯಕೀಯ ಓದಿಗೆ ಬರುವವರಲ್ಲಿ ಸಂಸಾರಸ್ಥರೂ ಇರುತ್ತಾರೆ. ಮೂರು ವರ್ಷ ಬಾಡಿಗೆ ಮನೆಯಲ್ಲಿದ್ದು, ಓದು ಮುಗಿಸಿ ಊರು ಬಿಡುವಾಗ ಮಕ್ಕಳ ಸಾಮಾನುಗಳನ್ನೆಲ್ಲ ಲಾರಿಗೆ ಏರಿಸಲು ಮನಸ್ಸು ಮಾಡುವುದಿಲ್ಲ. ಬ್ಯಾಂಕಿನವರಿಗೂ ಸರ್ಕಾರಿ ನೌಕರರಿಗೂ ಬೇಸಿಗೆಯಲ್ಲಿ ವರ್ಗಾವಣೆಯಾದಾಗ ಹೀಗೆಯೇ. ವಿದ್ಯಾನಗರ, ಎಂ.ಸಿ.ಸಿ. ಬ್ಲಾಕುಗಳ ಕಡೆ ನಿಮಗೆ ಪರಿಚಯದ ಮನೆಯೊಂದಿದ್ದರೆ ಅಲ್ಲಿನ ವಾಟ್ಸಾಪ್ ಗುಂಪಿನಲ್ಲಿ ಎರಡು ಸಾಲು ಹಾಕಿಸಿ: ಮಗುವಿನ ವಯಸ್ಸು, ನಿಮಗೆ ಬೇಕಾದ ಸಾಮಾನು, ನೀವು ಕೊಡಬಲ್ಲ ಬೆಲೆ. ನಿಮ್ಮ ಅಂಗಡಿಗೆ ಬರುವ ಗಿರಾಕಿಗಳಲ್ಲಿಯೂ ಮನೆಯ ಅಟ್ಟದ ಮೇಲೆ ಆಟಿಕೆಗಳ ಚೀಲ ಇಟ್ಟುಕೊಂಡವರು ಖಂಡಿತ ಇದ್ದಾರೆ. ಬೆಲೆಯ ವಿಚಾರದಲ್ಲಿ ನನ್ನ ಲೆಕ್ಕ ಸರಳವಾದುದು: ಅದೇ ಸಾಮಾನು ಇಂದು ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸಿ, ಅದರ ಮೂರರಲ್ಲಿ ಒಂದು ಪಾಲಿನಿಂದ ಮಾತು ಶುರುಮಾಡಿ, ಅರ್ಧ ಮೀರಿದರೆ ಬಿಟ್ಟುಬಿಡಿ.

ಈಗ ನಾನು ತಪ್ಪಿದ ಒಂದು ಸಂಗತಿಯನ್ನು ಹೇಳಲೇಬೇಕು. ಹಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗನಿಗೆಂದು ಪರಿಚಯದವರ ಮನೆಯಿಂದ ಬಟ್ಟೆಯ ಕರಡಿಯೊಂದನ್ನು ತಂದಿದ್ದೆ. ನೋಡಲು ಹೊಸದರಂತೆಯೇ ಇತ್ತು, ತೊಳೆದೂ ಇದ್ದೆ. ಕಣ್ಣಿನ ಜಾಗದಲ್ಲಿ ಹೊಲಿದಿದ್ದ ಗುಂಡಿಗಳನ್ನು ಎಳೆದು ನೋಡಿರಲಿಲ್ಲ. ಮೂರನೆಯ ದಿನ ಒಂದು ಕಣ್ಣು ಮಗುವಿನ ಬಾಯಲ್ಲಿತ್ತು. ತಂಗಿ ಎದುರಿಗೇ ಕೂತಿದ್ದಳು, ಗುಂಡಿ ನಾಲಿಗೆಯ ಮೇಲೆ ಕಾಣುತ್ತಿತ್ತು, ತೆಗೆದುಬಿಟ್ಟಳು. ಅವಳು ಅಡುಗೆಮನೆಯಲ್ಲಿದ್ದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅಂದಿನಿಂದ ನಾನು ಯಾವ ಆಟಿಕೆಯನ್ನೂ ಕಣ್ಣಿಂದ ಮಾತ್ರ ನೋಡಿ ಕೊಂಡಿಲ್ಲ.

ಕೈಗೆ ತೆಗೆದುಕೊಂಡು ಜೋರಾಗಿ ಎಳೆಯಿರಿ, ತಿರುಚಿ, ಅಲ್ಲಾಡಿಸಿ ಒಳಗೆ ಏನಾದರೂ ಬಿಡಿಯಾಗಿ ಸದ್ದು ಮಾಡುತ್ತದೆಯೇ ಎಂದು ಕೇಳಿಸಿಕೊಳ್ಳಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು ಸುಮಾರು 3.2 ಸೆಂಟಿಮೀಟರ್ ಅಗಲದ ಒಂದು ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ತುಂಡು ಗಂಟಲನ್ನು ಮುಚ್ಚಬಲ್ಲದು. ನೀರಿನ ಬಾಟಲಿಯ ಮುಚ್ಚಳ ಹೆಚ್ಚುಕಡಿಮೆ ಅಷ್ಟೇ ಅಗಲವಿರುತ್ತದೆ. ಒಂದನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ, ಅಷ್ಟು ಚಿಕ್ಕದಾದ ಭಾಗ ಯಾವುದೇ ಇರಲಿ, ಕಳಚುವಂತಿದ್ದರೆ ಆ ಆಟಿಕೆ ಬೇಡ. ಚೆಂಡಾದರೆ ಇನ್ನೂ ದೊಡ್ಡದಿರಬೇಕು, 4.5 ಸೆಂಟಿಮೀಟರಿಗಿಂತ ಕಡಿಮೆಯದನ್ನು ಮುಟ್ಟಬೇಡಿ. ಎಳೆಯುವ ಗಾಡಿಯ ದಾರ ಒಂದು ಗೇಣಿಗಿಂತ ಉದ್ದವಿದ್ದರೆ ಕತ್ತರಿಸಿ ಗಿಡ್ಡ ಮಾಡಿ, ಕುತ್ತಿಗೆಗೆ ಸುತ್ತಿಕೊಳ್ಳುವ ಭಯ ತಪ್ಪುತ್ತದೆ.

ಎರಡು ವಸ್ತುಗಳ ವಿಚಾರದಲ್ಲಿ ದಾಕ್ಷಿಣ್ಯ ಬೇಡ. ಮೊದಲನೆಯದು ಕೈಗಡಿಯಾರಕ್ಕೆ ಹಾಕುವಂಥ ಗುಂಡನೆಯ ಚಪ್ಪಟೆ ಸೆಲ್. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ನಿಂತರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ಸೆಲ್ಲಿನ ಮುಚ್ಚಳ ತಿರುಪಿನಿಂದ ಭದ್ರವಾಗಿರದ ಆಟಿಕೆಯನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಎರಡನೆಯದು ಚಿಕ್ಕ ಅಯಸ್ಕಾಂತಗಳಿರುವ ಆಟಿಕೆ. ಎರಡು ಅಯಸ್ಕಾಂತಗಳು ಹೊಟ್ಟೆಗೆ ಹೋದರೆ ಕರುಳಿನ ಗೋಡೆಯನ್ನು ನಡುವೆ ಸಿಕ್ಕಿಸಿಕೊಂಡು ಅಂಟಿಕೊಳ್ಳುತ್ತವೆ, ಶಸ್ತ್ರಚಿಕಿತ್ಸೆಯವರೆಗೂ ಹೋಗುತ್ತದೆ.

ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾದದ್ದು 2021ರ ಜನವರಿ 1ರಿಂದ. ಆ ಗುರುತು ಇದ್ದರೆ ಒಂದು ನೆಮ್ಮದಿ. ಅದಕ್ಕಿಂತ ಹಳೆಯ ಆಟಿಕೆಯಲ್ಲಿ ಗುರುತು ಇಲ್ಲದಿರುವುದು ಸಹಜ, ನೋಂದಾಯಿತ ಕರಕುಶಲಕರ್ಮಿಗಳ ಕೈಕೆಲಸಕ್ಕೂ ವಿನಾಯಿತಿಯಿದೆ. ಅಂಥವನ್ನು ನಿಮ್ಮ ಕೈಯಿಂದಲೇ ಪರೀಕ್ಷಿಸಬೇಕು. ಬಣ್ಣ ಸಿಪ್ಪೆಯೇಳುತ್ತಿರುವ ತುಂಬ ಹಳೆಯ ಮರದ ಅಥವಾ ತಗಡಿನ ಆಟಿಕೆ ಎಷ್ಟೇ ಚೆಂದವಿರಲಿ, ಬೇಡ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ, ಮತ್ತು ಎರಡು ವರ್ಷದ ಮಗು ಎಲ್ಲವನ್ನೂ ಬಾಯಿಗಿಡುತ್ತದೆ.

ತಂದ ಮೇಲೆ ಪ್ಲಾಸ್ಟಿಕ್ಕನ್ನು ಬೆಚ್ಚಗಿನ ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದುಗಳಲ್ಲಿ ತಿಕ್ಕಿ ತೊಳೆಯಿರಿ. ನಮ್ಮ ಬಿಸಿಲು ಬೇಗ ಒಣಗಿಸುತ್ತದೆ, ಆದರೆ ದಿನಗಟ್ಟಲೆ ಬಿಟ್ಟರೆ ಪ್ಲಾಸ್ಟಿಕ್ ಪೆಡಸಾಗುತ್ತದೆ. ಮರವನ್ನು ನೆನೆಸದೆ ಒರೆಸಿ ನೆರಳಿನಲ್ಲಿಡಿ. ಹಿಚುಕಿದರೆ ನೀರು ಚಿಮ್ಮುವ ತೂತಿನ ರಬ್ಬರ್ ಬಾತುಕೋಳಿಯ ಒಳಗೆ ಬೂಷ್ಟು ಕಟ್ಟಿರುತ್ತದೆ, ಅದನ್ನು ತೊಳೆಯಲು ಬರುವುದಿಲ್ಲ, ಕೊಳ್ಳಬೇಡಿ.

ಕೊಡುವಾಗ ಒಂದು ಕೆಲಸ ಮಾಡಬಹುದು. ನಿಮ್ಮ ಹಳೆಯ ಹತ್ತಿ ಸೀರೆಯ ತುಂಡುಗಳಿಂದ ಎರಡು ಮೊಳದ ಪುಟ್ಟ ಕೌದಿಯೊಂದನ್ನು ಹೊಲಿದು, ಆ ಪಾವು ಸೇರುಗಳನ್ನು ಅದರಲ್ಲಿಯೇ ಗಂಟು ಕಟ್ಟಿ ಕೊಡಿ. ಆಟ ಮುಗಿದ ಮೇಲೆ ಆ ಹುಡುಗಿ ತನ್ನ ಗೊಂಬೆಯನ್ನು ಅದರ ಮೇಲೆಯೇ ಮಲಗಿಸಿಕೊಳ್ಳುತ್ತಾಳೆ.

ಪ್ರಶ್ನೆ: ಮೊಮ್ಮಗನ ಮೊದಲ ಹುಟ್ಟುಹಬ್ಬ ಹತ್ತಿರ ಬಂದಿದೆ. ನಮ್ಮ ಬೀದಿಯವರೊಬ್ಬರು ಮಗುವನ್ನು ಕೂರಿಸುವ ಗಾಲಿಯ ವಾಕರನ್ನು 300 ರೂಪಾಯಿಗೆ ಕೊಡುತ್ತೇನೆಂದಿದ್ದಾರೆ. ಬೇಗ ನಡೆಯಲು ಕಲಿಯುತ್ತಾನೆ ಎನ್ನುತ್ತಾರೆ. ತರಲೇ?
— ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಉತ್ತರ: ತರಬೇಡಿ ಸರ್, ಉಚಿತವಾಗಿ ಕೊಟ್ಟರೂ ಬೇಡ. ಅದರಲ್ಲಿ ಕೂತ ಮಗು ತುದಿಗಾಲಿನಿಂದ ನೆಲವನ್ನು ಒದ್ದು ಸರಿಯುತ್ತದೆಯೇ ಹೊರತು ತನ್ನ ಮೈತೂಕವನ್ನು ತಾನು ಹೊತ್ತು ನಿಲ್ಲುವುದನ್ನು ಕಲಿಯುವುದಿಲ್ಲ. ಹೊಸಿಲು, ಮೆಟ್ಟಿಲುಗಳಿರುವ ನಮ್ಮ ಮನೆಗಳಲ್ಲಿ ಕ್ಷಣಮಾತ್ರದಲ್ಲಿ ಅಂಚಿಗೆ ಹೋಗಿ ಮಗುಚಿಕೊಳ್ಳುತ್ತದೆ. ಕೆನಡಾ ದೇಶವು ಇಂಥ ವಾಕರುಗಳ ಮಾರಾಟವನ್ನು 2004ರಲ್ಲಿಯೇ ನಿಷೇಧಿಸಿತು, ಬಳಸಿದ್ದನ್ನು ಮಾರುವುದೂ ಅಲ್ಲಿ ತಪ್ಪು.

ಇದರ ಬದಲು ನಮ್ಮ ಹಿರಿಯರು ಬಳಸುತ್ತಿದ್ದ ಮೂರು ಗಾಲಿಯ ಮರದ ತಳ್ಳುಗಾಡಿಯನ್ನು ಹುಡುಕಿ. ಮಗು ಅದರ ಹಿಂದೆ ನಿಂತು, ಹಿಡಿ ಹಿಡಿದು, ತನ್ನ ಕಾಲಿನ ಬಲದಿಂದಲೇ ಹೆಜ್ಜೆ ಇಡಬೇಕು. ನಿಮ್ಮ ನೆಂಟರ ಮನೆಗಳ ಅಟ್ಟದ ಮೇಲೆಯೇ ಒಂದು ಇರುವ ಸಂಭವವಿದೆ. ಮೊಳೆ ಹೊರಬಂದಿದ್ದರೆ ಬಡಗಿಯಿಂದ ಹೊಡೆಸಿ, ಚೂರು ಚುಚ್ಚದಂತೆ ಮರಳು ಕಾಗದದಿಂದ ಉಜ್ಜಿಸಿ, ಬಣ್ಣ ಬಳಿಸದೆ ಹಾಗೆಯೇ ಕೊಡಿ. ಗಾಲಿ ತೀರಾ ಸಲೀಸಾಗಿ ಓಡಿದರೆ ಗಾಡಿ ಮುಂದೆ ಹೋಗಿ ಮಗು ಮುಗ್ಗರಿಸುತ್ತದೆ. ಗಾಲಿಗೆ ಬಟ್ಟೆಯ ಪಟ್ಟಿ ಸುತ್ತಿದರೆ ನಿಧಾನವಾಗುತ್ತದೆ.

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆಂದು ಫೋನಿನಲ್ಲಿ ಬಳಸಿದ ಆಟದ ಅಡುಗೆಮನೆಯೊಂದನ್ನು ನೋಡಿದೆ. ಬೇರೆ ಊರಿನ ಮಾರಾಟಗಾರ ಮುಂಗಡ ಹಣ ಕೇಳುತ್ತಿದ್ದಾನೆ. ಕಳಿಸಬಹುದೇ?
— ಒಬ್ಬ ತಾಯಿ, ಹರಿಹರ

ಉತ್ತರ: ಕಳಿಸಬೇಡಿ. ಸಾಮಾನನ್ನು ಮುಟ್ಟಿ ನೋಡುವ ಮೊದಲು ಒಂದು ರೂಪಾಯಿಯನ್ನೂ ಕೊಡಬಾರದು. ಎಳೆದು, ಅಲ್ಲಾಡಿಸಿ ನೋಡದೆ ಆ ಅಡುಗೆಮನೆ ನಿಮ್ಮ ಮಗುವಿಗೆ ತಕ್ಕದ್ದೋ ಅಲ್ಲವೋ ಎಂದು ತಿಳಿಯುವ ಬೇರೆ ದಾರಿಯೂ ಇಲ್ಲ. ಮುಂಗಡ ಕೊಟ್ಟಿದ್ದೇ ಆದರೆ, ‘ಹಣ ವಾಪಸ್ ಹಾಕುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ’ ಎಂದು ಹೇಳುವವರನ್ನು ನಂಬಬೇಡಿ, ಯು.ಪಿ.ಐ.ನಲ್ಲಿ ಹಣ ಪಡೆಯುವವರು ಪಿನ್ ಒತ್ತಬೇಕಾದ ಅಗತ್ಯವೇ ಇಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಬರೆಸಿ. ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಹೆಚ್ಚು ಹೊತ್ತೇನೂ ಬೇಕಾಗುವುದಿಲ್ಲ. ಮಾರುವವರು ಇಲ್ಲಿಯವರೇ ಆಗಿರುವಂಥ ಸಾಮಾನನ್ನು ಆರಿಸಿಕೊಳ್ಳಿ, ಹಗಲಿನಲ್ಲಿ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ನೋಡಿ, ಒಪ್ಪಿಗೆಯಾದರೆ ಅಲ್ಲಿಯೇ ಹಣ ಕೊಟ್ಟು ಎತ್ತಿಕೊಂಡು ಬನ್ನಿ.