‘ಎನ್ನಲಾಗಿದೆ’ ಅನ್ನೋ ಪದ ಎಲ್ಲಿ ಹೋಯಿತು?

ವೈರಲ್ ಆದ ರಾಜಕೀಯ ವಿವಾದಗಳಲ್ಲಿ ಮಾಧ್ಯಮದ ಪಕ್ಷಪಾತ ಗುರುತಿಸೋದು ಹೇಗೆ, ಯಾವ ಚಾನೆಲ್ ನಂಬಬೇಕು ಅಂತ ಕೇಳಿದ್ದೀರಿ. ನಾನು ಒಂದು ಜಿಲ್ಲಾ ದಿನಪತ್ರಿಕೆಯ ಡೆಸ್ಕಿನಲ್ಲಿ ಏಳು ವರ್ಷ ಕೆಲಸ ಮಾಡಿದವನು. ಚಾನೆಲ್ ಹೆಸರು ಹೇಳುವ ಬದಲು ಒಂದು ಘಟನೆ ಹೇಳುತ್ತೇನೆ.

2024ರ ಫೆಬ್ರುವರಿ 27. ರಾಜ್ಯಸಭೆ ಚುನಾವಣೆಯ ಫಲಿತಾಂಶ ಬಂತು. ಕಾಂಗ್ರೆಸ್ಸಿನ ಸೈಯದ್ ನಾಸೀರ್ ಹುಸೇನ್ ಗೆದ್ದರು, ಬೆಂಬಲಿಗರು ವಿಧಾನಸೌಧದಲ್ಲಿ ಘೋಷಣೆ ಕೂಗಿದರು. ಕೆಲವೇ ಹೊತ್ತಿನಲ್ಲಿ ಟಿವಿಯಲ್ಲಿ ‘ಪಾಕಿಸ್ತಾನ್ ಜಿಂದಾಬಾದ್’ ಎಂದು ಕೂಗಿದರು ಅಂತ ಬ್ರೇಕಿಂಗ್ ಶುರುವಾಯಿತು. ಅವರು ಕೂಗಿದ್ದು ‘ನಾಸೀರ್ ಸಾಬ್ ಜಿಂದಾಬಾದ್’, ಚಾನೆಲ್‌ಗಳು ಸುಳ್ಳು ಹೇಳುತ್ತಿವೆ ಅಂತ ಇನ್ನೊಂದು ಕಡೆಯವರು ಅಷ್ಟೇ ಜೋರಾಗಿ ಹೇಳಿದರು.

ನಾನು ಆ ಕ್ಲಿಪ್ ಮೊದಲು ನೋಡಿದ್ದು ಟಿವಿಯಲ್ಲಿ, ಕೆಳಗೆ ದಪ್ಪಕ್ಷರದಲ್ಲಿ ‘ಪಾಕಿಸ್ತಾನ್’ ಅಂತ ಬರೆದಿತ್ತು, ನನಗೂ ಹಾಗೇ ಕೇಳಿಸಿತು. ರಾತ್ರಿ ವಾಟ್ಸಾಪಿನಲ್ಲಿ ಅದೇ ಕ್ಲಿಪ್ ಬಂತು, ಈ ಸಲ ‘ನಾಸೀರ್ ಸಾಬ್’ ಅಂತ ಬರೆದಿದ್ದರು. ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಸ್ಪಷ್ಟವಾಗಿ ‘ನಾಸೀರ್ ಸಾಬ್’ ಅಂತಲೇ ಕೇಳಿಸಿತು! ಆಗ ಅಡುಗೆಮನೆಗೆ ಹೋಗಿ, ಸುದ್ದಿ ಇನ್ನೂ ನೋಡಿರದ ಅಮ್ಮನಿಗೆ ಮೊಬೈಲ್ ತೋರಿಸದೆ ಬರೀ ಧ್ವನಿ ಕೇಳಿಸಿದೆ. ಒಗ್ಗರಣೆ ಸೌಟು ಕೆಳಗಿಟ್ಟು ಎರಡು ಸಲ ಕೇಳಿ, ‘ಏನೋ ಜಿಂದಾಬಾದ್ ಅಂತಾರಪ್ಪ, ಅದರ ಹಿಂದಿನ ಮಾತು ತಿಳಿಯಲ್ಲ’ ಅಂದರು. ಆ ರಾತ್ರಿ ಇದ್ದ ನಿಜವಾದ ಸುದ್ದಿ ಅಷ್ಟೇ ಅಲ್ವಾ? ಅದನ್ನು ಹಾಗೇ ಹೇಳುವ ಧೈರ್ಯ ಬಹಳ ಜನರಿಗೆ ಇರಲಿಲ್ಲ. ಪಕ್ಷಪಾತ ಅಂದರೆ ನಾವು ಸುಳ್ಳು ಸುದ್ದಿ ಅಂದುಕೊಳ್ಳುತ್ತೇವೆ. ಜಾಸ್ತಿ ಸಲ ಅದು ಇರೋದು ಈ ಅವಸರದಲ್ಲಿ, ಕಿವಿಗೆ ಬೀಳುವ ಮೊದಲೇ ಏನು ಕೇಳಬೇಕು ಅಂತ ಕಣ್ಣಿಗೆ ಹೇಳಿಬಿಡುವುದರಲ್ಲಿ.

ಮಾರ್ಚ್ 4ರಂದು ‘ಪಾಕಿಸ್ತಾನ್ ಜಿಂದಾಬಾದ್’ ಕೂಗಿದ ಆರೋಪದ ಮೇಲೆ ಪೊಲೀಸರು ಮೂವರನ್ನು ಬಂಧಿಸಿದರು. ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ, ಸಾಂದರ್ಭಿಕ ಸಾಕ್ಷ್ಯ, ಸಾಕ್ಷಿಗಳ ಹೇಳಿಕೆ ಆಧಾರ ಅಂದರು. ಬಂಧನ ಅಂದರೆ ಅಪರಾಧ ಸಾಬೀತಾಯಿತು ಅಂತಲ್ಲ, ಅದು ಕೋರ್ಟಿನ ಕೆಲಸ. ಆದರೆ ಮೊದಲ ದಿನವೇ ‘ಅದೆಲ್ಲ ಕಟ್ಟುಕತೆ’ ಅಂತ ತೀರ್ಪು ಕೊಟ್ಟಿದ್ದವರಲ್ಲಿ ಎಷ್ಟು ಮಂದಿ ವಾಪಸ್ ಬಂದು ‘ಆತುರಪಟ್ಟೆವು’ ಅಂದರು? ನಾನು ನೋಡಿದ ಮಟ್ಟಿಗೆ ಯಾರೂ ಇಲ್ಲ. ಇನ್ನು ಕೆಲವರು ಆ ಆರು ದಿನ ಒಂದಿಡೀ ಸಮುದಾಯವನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದರು. ಬಂಧನದ ಸುದ್ದಿ ಬಂದ ಮಾತ್ರಕ್ಕೆ ಅದು ಸರಿಯಾಗಿಬಿಡುವುದಿಲ್ಲ. ನನಗೆ ಈಗಲೂ ಸಿಟ್ಟಿರುವುದು ಈ ಎರಡೂ ಕಡೆಯವರ ಮೇಲೆ.

ಈ ಸಿಟ್ಟಿಗೆ ಒಂದು ಹಿನ್ನೆಲೆ ಇದೆ. ಡೆಸ್ಕಿಗೆ ಸೇರಿದ ಹೊಸದರಲ್ಲಿ ಹಿರಿಯರು ಕಲಿಸಿದ ಮೊದಲ ಪದಗಳು ‘ಆರೋಪ’, ‘ಎನ್ನಲಾದ’, ‘ಎನ್ನಲಾಗಿದೆ’. ಒಂದು ರಾತ್ರಿ ಹೆಡ್ಡಿಂಗ್ ಎರಡು ಕಾಲಂಗೆ ಹೊಂದಲಿಲ್ಲ. ‘ಆರೋಪ’ ತೆಗೆದುಬಿಟ್ಟೆ, ಸರಿಯಾಗಿ ಕೂತಿತು. ಬೆಳಗ್ಗೆ ಆ ಸುದ್ದಿಯಲ್ಲಿದ್ದ ಪಂಚಾಯಿತಿ ಸದಸ್ಯರು ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಹಿಡಿದುಕೊಂಡು ಆಫೀಸಿಗೆ ಬಂದರು. ಕೂಗಾಡಲಿಲ್ಲ. ‘ಮಗಳು ಇವತ್ತು ಶಾಲೆಗೆ ಹೋಗಲ್ಲ ಅಂತಿದ್ದಾಳೆ ಸಾರ್’ ಅಂದರು. ಮೂರು ದಿನದ ಮೇಲೆ ತಿದ್ದುಪಡಿ ಹಾಕಿದೆವು, ಒಳಪುಟದಲ್ಲಿ ನಾಲ್ಕು ಸಾಲು. ಸುದ್ದಿ ಬಂದದ್ದು ಮುಖಪುಟದಲ್ಲಿ.

ಹಾಗಾಗಿ ನಾನು ಮೊದಲು ನೋಡೋದು ಆ ಪದ ಇದೆಯಾ ಅಂತ. ‘ಘೋಷಣೆ ಕೂಗಿದ ಆರೋಪ’ ಬೇರೆ, ‘ಘೋಷಣೆ ಕೂಗಿದ ದೇಶದ್ರೋಹಿಗಳು’ ಬೇರೆ. ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಹೇಳೋದನ್ನೆಲ್ಲ ಹೇಳುವುದೂ ಇದೆ, ಅದನ್ನು ನಾನು ಎಚ್ಚರಿಕೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಮೇಲೆ ಫಾಲೋಅಪ್ ಹುಡುಕುತ್ತೇನೆ. ಮೊದಲ ದಿನ ಇಡೀ ಸಂಜೆ ಕೂಗಿದವರು, ತಮ್ಮ ಮಾತಿಗೆ ವಿರುದ್ಧವಾದ ವಿಷಯ ಬಂದ ದಿನ ಎಷ್ಟು ನಿಮಿಷ ಕೊಟ್ಟರು? ಹೀಗೆ ಎರಡು ಮೂರು ವಿವಾದ ಹಿಂದಕ್ಕೆ ಹೋಗಿ ನೋಡಿ, ಯಾರನ್ನು ಎಷ್ಟು ನಂಬಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಸುಮ್ನೆ ಬೈದು ಕೂರುವ ಬದಲು ದೂರನ್ನೂ ಕೊಡಬಹುದು. ಪತ್ರಿಕೆಗಳ ಮೇಲಾದರೆ ಪ್ರೆಸ್ ಕೌನ್ಸಿಲ್. ಟಿವಿಗೆ ಎನ್‌ಬಿಡಿಎಸ್‌ಎ (ನ್ಯೂಸ್ ಬ್ರಾಡ್‌ಕಾಸ್ಟಿಂಗ್ ಅಂಡ್ ಡಿಜಿಟಲ್ ಸ್ಟ್ಯಾಂಡರ್ಡ್ಸ್ ಅಥಾರಿಟಿ) ಅಂತ ಸುದ್ದಿ ಚಾನೆಲ್‌ಗಳ ಮೇಲಿನ ದೂರು ಕೇಳುವ ಒಂದು ಪ್ರಾಧಿಕಾರ ಇದೆ, ಅದರ ಸದಸ್ಯ ಚಾನೆಲ್‌ಗಳಿಗೆ ಮಾತ್ರ ಅನ್ವಯ. ಅದರ ದಂಡದ ಮಿತಿ 1 ಲಕ್ಷ ರೂಪಾಯಿ ಇದ್ದದ್ದು ಏನೇನೂ ಸಾಲದು ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ಆದರೂ 2022ರಲ್ಲಿ ನಮ್ಮ ಹಿಜಾಬ್ ವಿವಾದದ ಚರ್ಚೆಯಲ್ಲಿ ವಿದ್ಯಾರ್ಥಿನಿಯರ ಪರ ಮಾತಾಡಿದವರನ್ನು ಭಯೋತ್ಪಾದಕ ಸಂಘಟನೆ ಅಲ್ ಖೈದಾದ ನಾಯಕ ಜವಾಹಿರಿಗೆ ತಳಕು ಹಾಕಿದ ಒಂದು ಹಿಂದಿ ಚಾನೆಲ್‌ಗೆ ಇದೇ ಪ್ರಾಧಿಕಾರ 50,000 ರೂಪಾಯಿ ದಂಡ ಹಾಕಿ, ಆ ವಿಡಿಯೊ ತೆಗೆಸಿತು. ಒಬ್ಬ ವೀಕ್ಷಕ ದೂರು ಬರೆದಿದ್ದಕ್ಕೆ ಆದದ್ದು ಅದು. ಮೊದಲು ಚಾನೆಲ್‌ಗೇ ಬರೆಯಬೇಕು, ಪ್ರಸಾರವಾದ 7 ದಿನದೊಳಗೆ. ಅದಕ್ಕೇ ಕಾರ್ಯಕ್ರಮದ ಹೆಸರು, ತಾರೀಕು, ಸಮಯ ಆಗಲೇ ಒಂದು ಕಡೆ ಬರೆದಿಟ್ಟುಕೊಳ್ಳಿ.